ಸೀಕೋ ಎಸ್‌ಪಿಬಿ 143: ಎಚ್‌ಎಂಟಿ ಬೆಂಚಿನಲ್ಲಿ ಕೂತವಳ ಕಣ್ಣಿಗೆ ಕಂಡದ್ದು

ಅಂಗಡಿಯ ಹುಡುಗ ಗಡಿಯಾರವನ್ನು ಮಖಮಲ್ಲಿನ ತಟ್ಟೆಯ ಮೇಲಿಟ್ಟು ಮಗಳ ಕಡೆ ಸರಿಸಿದ. ಅವಳು ಕೈಗೆ ಕಟ್ಟಿಕೊಳ್ಳುವ ಮೊದಲೇ ನಾನು ಎತ್ತಿಕೊಂಡೆ. ಕಣ್ಣು ಮುಚ್ಚಿ ಬೆಜೆಲನ್ನು, ಅಂದರೆ ಗಾಜಿನ ಸುತ್ತ ತಿರುಗುವ ಬಳೆಯನ್ನು, ಪೂರ್ತಿ ಒಂದು ಸುತ್ತು ತಿರುಗಿಸಿದೆ. ನೂರಿಪ್ಪತ್ತು ಕ್ಲಿಕ್ಕು, ಒಂದೊಂದು ಕ್ಲಿಕ್ಕಿಗೆ ಅರ್ಧ ನಿಮಿಷ. ಮೊದಲ ಕ್ಲಿಕ್ಕಿನ ಬಿಗಿ ಎಷ್ಟಿತ್ತೋ ಕೊನೆಯದರದ್ದೂ ಅಷ್ಟೇ ಇತ್ತು. ನಿಲ್ಲಿಸಿದ ಜಾಗದಲ್ಲಿ ಹಿಂದೆ ಮುಂದೆ ಅಲುಗಾಡಿಸಿ ನೋಡಿದರೆ ಕೂದಲೆಳೆಯಷ್ಟೂ ಸಡಿಲವಿಲ್ಲ. ಆಮೇಲೆ ಕೀಯ, ಅಂದರೆ ಪಕ್ಕದಲ್ಲಿ ತಿರುಗಿಸುವ ಗುಬ್ಬಿಯ, ಸ್ಕ್ರೂ ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ಐದು ಸಲವೂ ಸ್ಕ್ರೂವಿನ ಎಳೆ ಒಂದೇ ಕಡೆ ಹಿಡಿಯಿತು, ಒಂದು ಸಲವೂ ಅಡ್ಡ ಕಚ್ಚಲಿಲ್ಲ. ಹುಡುಗ, "ಆಂಟಿ, ಡಿಸೈನ್ ನೋಡಿ, ಡಿಸೈನ್" ಅನ್ನುತ್ತಿದ್ದ. ನೀರಿಗಿಳಿಯುವ ಗಡಿಯಾರದಲ್ಲಿ ನಾನು ಮೊದಲು ನೋಡುವ ಡಿಸೈನು ಈ ಎರಡೇ ಜಾಗದಲ್ಲಿ ಇರುತ್ತದೆ.

ನಾನು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ 1983ರಿಂದ ಹತ್ತೊಂಬತ್ತು ವರ್ಷ ಅಸೆಂಬ್ಲಿಯಲ್ಲಿದ್ದೆ. ನಮ್ಮ ಸಾಲಿನಲ್ಲಿ ಬಹುಪಾಲು ಹೆಂಗಸರೇ. ಬಿಳಿ ಕೋಟು, ತಲೆಗೆ ಟೋಪಿ, ಕಣ್ಣಿಗೆ ಲೂಪು ಎಂಬ ಭೂತಗನ್ನಡಿ. ನನ್ನ ಕೆಲಸ ಬ್ಯಾಲೆನ್ಸ್ ಎಂಬ ತೂಗಾಡುವ ಚಕ್ರ ಕೂರಿಸಿ, ಅದರ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಉಸಿರಾಡುತ್ತಿದೆಯೇ ಎಂದು ನೋಡುವುದು. ವಿಆರ್‌ಎಸ್ ತೆಗೆದುಕೊಂಡ ಮೇಲೆ ಮನೆಯಲ್ಲೇ ಒಂದು ಬೆಂಚು ಹಾಕಿಕೊಂಡು ರಿಪೇರಿ ಮಾಡುತ್ತ ಬಂದಿದ್ದೇನೆ. ಹೆಚ್ಚಾಗಿ ಬರುವುದು ಎಚ್‌ಎಂಟಿಯ ಹಳೆಯ ಜನತಾ, ಪೈಲಟ್, ಸೋನಾ, ಆಗಾಗ ಒಂದು ಕಾಂಚನ. ತಂದೆಯದ್ದು, ಮಾವನದ್ದು ಎಂದು ಕಣ್ಣಿಗೊತ್ತಿಕೊಂಡು ತರುತ್ತಾರೆ.

ಮಗಳಿಗೆ ಸಮುದ್ರದ ಹುಚ್ಚು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಕಲಿತಳು. ಮೊದಲು ಹನ್ನೆರಡು ಮೀಟರ್, ಆಮೇಲೆ ಕೋರ್ಸ್ ಮುಗಿಸಿ ಹದಿನೆಂಟು. ಮಳೆಗಾಲ ಕಳೆದು ಸಮುದ್ರ ತಿಳಿಯಾದರೆ ಸಾಕು, ಶುಕ್ರವಾರ ರಾತ್ರಿಯ ಬಸ್ಸಿಗೆ ಚೀಲ ಸಿದ್ಧವಾಗಿರುತ್ತದೆ. ಕೈಯಲ್ಲಿ ಡೈವ್ ಕಂಪ್ಯೂಟರ್ ಇದೆ, ಆಳವನ್ನೂ ಹೊತ್ತನ್ನೂ ಅದೇ ಲೆಕ್ಕ ಹಾಕುತ್ತದೆ. ಆದರೂ ಅವಳ ಗುರುಗಳು ಕಂಪ್ಯೂಟರ್ ಕೈಕೊಟ್ಟಾಗ ನೋಡಿಕೊಳ್ಳಲು ಇನ್ನೊಂದು ಗಡಿಯಾರ ಇರಲಿ ಎಂದಿದ್ದರಂತೆ. "ಬ್ಯಾಟರಿಯದ್ದು ಬೇಡಮ್ಮ, ನೀನು ಕೂತು ಮಾಡಿದಂಥದ್ದು ಬೇಕು" ಎಂದಳು. ಆ ಮಾತು ಕೇಳಿದ ಮೇಲೆ ಆರಿಸುವ ಹೊಣೆ ನನ್ನದಾಯಿತು. ನಾನು ಆ ಹೊಣೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಮೂರು ತಿಂಗಳು ನೋಡಿದೆವು. ಕೆಳಗಿನ ಮೆಟ್ಟಿಲಲ್ಲಿ ಓರಿಯಂಟ್ ಕಾಮಾಸು. ಬೆಲೆ ನಾವು ಕೊನೆಗೆ ಕೊಂಡ ಸೀಕೋದ ಕಾಲುಭಾಗದ ಆಸುಪಾಸು, ಗಾಜು ಮಾತ್ರ ಸುಲಭಕ್ಕೆ ಗೀರು ಬೀಳದ ಸಫೈರ್. ಆ ಬೆಲೆಗೆ ಅಂಥ ಗಾಜು ಕೊಡುವುದು ದೊಡ್ಡ ಮಾತು. ಆದರೆ ಅದರ ಡಯಲಿನ ಮೇಲೆ 200 ಮೀಟರ್ ಎಂದಿದೆಯೇ ಹೊರತು 'ಡೈವರ್ಸ್' ಎಂಬ ಪದ ಇಲ್ಲ. ಆ ಪದ ಯಾಕೆ ಮುಖ್ಯ ಎಂದು ಮುಂದೆ ಹೇಳುತ್ತೇನೆ. ಸಿಟಿಜನ್ ಪ್ರೊಮಾಸ್ಟರ್ ಎನ್‌ವೈ 0040 ನನ್ನ ಮನಸ್ಸಿಗೆ ತೀರಾ ಹತ್ತಿರದ್ದು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಶುರುವಾದದ್ದೇ ಸಿಟಿಜನ್ ಕಂಪನಿಯ ಜೊತೆಗಾರಿಕೆಯಲ್ಲಿ. ನಮ್ಮ ಡಯಲುಗಳ ಮೇಲೆ ಅಚ್ಚಾಗುತ್ತಿದ್ದ 'ಪ್ಯಾರಾಶಾಕ್' ಎಂಬ ಪದವೂ, ಅಂದರೆ ಆಘಾತ ತಡೆಯುವ ವ್ಯವಸ್ಥೆಯ ಹೆಸರೂ, ಅವರ ಮನೆಯದ್ದೇ. ಆ ಗಡಿಯಾರದ ಕೀ ಎಂಟು ಗಂಟೆಯ ಜಾಗದಲ್ಲಿರುತ್ತದೆ, ಮುಂಗೈ ಮಡಚಿದರೆ ಚುಚ್ಚುವುದಿಲ್ಲ. ನೀರಿಗೂ ನಂಬಿಕಸ್ತ. ಗಾಜು ಮಾತ್ರ ಸಫೈರಿಗಿಂತ ಬೇಗ ಗೀರು ಬೀಳುವ ಮಿನರಲ್, ಮತ್ತು ಮಗಳ ಸಣ್ಣ ಕೈಗೆ ಆ ಗಾತ್ರ ಒಗ್ಗಲಿಲ್ಲ. ಮೇಲಿನ ಮೆಟ್ಟಿಲಿನ ಸ್ವಿಸ್ ಡೈವರ್‌ಗಳಿಗೆ ಮೂರು ಲಕ್ಷ, ನಾಲ್ಕು ಲಕ್ಷ. ಬಂಡೆಗೆ ಉಜ್ಜುವ, ದೋಣಿಯ ಅಂಚಿಗೆ ಬಡಿಯುವ ವಸ್ತುವಿಗೆ ಅಷ್ಟು ಸುರಿಯಲು ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ, ನಾನಂತೂ ಒಪ್ಪುವುದಿಲ್ಲ.

ನಡುವೆ ಸಿಕ್ಕಿದ್ದು ಈ ಸೀಕೋ ಪ್ರಾಸ್ಪೆಕ್ಸ್ ಎಸ್‌ಪಿಬಿ 143. 2020ರಲ್ಲಿ ಬಂದಾಗ ಅಮೆರಿಕದಲ್ಲಿ ಇದರ ಬೆಲೆ 1,200 ಡಾಲರ್. ನಾವು ಕೊಟ್ಟದ್ದು ಲಕ್ಷಕ್ಕೆ ತುಸು ಮೇಲೆ. 1965ರಲ್ಲಿ ಸೀಕೋ ಮಾಡಿದ ಜಪಾನಿನ ಮೊದಲ ಡೈವರ್ ಗಡಿಯಾರವನ್ನು, ಸಂಗ್ರಾಹಕರು '62ಮಾಸ್' ಎಂದು ಕರೆಯುವುದನ್ನು, ಈ ಕಾಲಕ್ಕೆ ತಿದ್ದಿ ಮಾಡಿದ ರೂಪ ಇದು. ಹಳೆಯದು 150 ಮೀಟರ್‌ಗೆ ತಾಳುತ್ತಿತ್ತು, ಇದು 200ಕ್ಕೆ. ಜಾಲಹಳ್ಳಿಯಲ್ಲಿ ನಾವು ಜನರ ಕೈಗೆ ಗಡಿಯಾರ ಕಟ್ಟಲು ಶುರುಮಾಡಿ ನಾಲ್ಕೇ ವರ್ಷಕ್ಕೆ ಅವರು ಸಮುದ್ರಕ್ಕಿಳಿದಿದ್ದರು. ಅದನ್ನು ನೆನೆದಾಗ ನನಗೆ ಗೌರವವೂ ಆಗುತ್ತದೆ, ಎದೆಯಲ್ಲಿ ಸಣ್ಣ ನೋವೂ ಆಗುತ್ತದೆ.

ಕೇಸಿನಿಂದ, ಅಂದರೆ ಹೊರಗಿನ ಉಕ್ಕಿನ ಕವಚದಿಂದ, ಶುರುಮಾಡುತ್ತೇನೆ, ಯಾಕೆಂದರೆ ಹಣದ ದೊಡ್ಡ ಪಾಲು ಹೋಗಿರುವುದು ಇಲ್ಲೇ. ಅಗಲ 40.5 ಮಿಲಿಮೀಟರ್, ದಪ್ಪ 13.2, ಪಟ್ಟಿ ಕೂಡುವ ಕೊಂಬಿಗೆ ಲಗ್ಗು ಎನ್ನುತ್ತಾರೆ, ಮೇಲಿನ ಲಗ್ಗಿನ ತುದಿಯಿಂದ ಕೆಳಗಿನದರ ತುದಿಗೆ 47.6. ನೀರಿನ ಗಡಿಯಾರ ಎಂದರೆ ತಟ್ಟೆ ಇಡ್ಲಿಯಷ್ಟಿರಬೇಕು ಎಂಬ ಕಾಲದಲ್ಲಿ ಈ ಅಳತೆ ಹಿತವಾದದ್ದು. ಮಗಳ ಮಣಿಕಟ್ಟು ದಾಟಿ ಹೊರಗೆ ಚಾಚುವುದಿಲ್ಲ. ಲಗ್ಗುಗಳು ಕೆಳಕ್ಕೆ ಬಾಗಿವೆ, ಹಾಗಾಗಿ ಹದಿಮೂರು ಮಿಲಿಮೀಟರ್ ದಪ್ಪ ಕೈಮೇಲೆ ಅಷ್ಟು ಅನ್ನಿಸುವುದಿಲ್ಲ.

ಲೂಪು ಹಾಕಿ ನೋಡಿದೆ. ಮೇಲ್ಮೈ ಬ್ರಷ್ ಮಾಡಿದ್ದು, ಪಕ್ಕ ಹೊಳಪು ಕೊಟ್ಟದ್ದು. ಆ ಎರಡೂ ಕೂಡುವ ಅಂಚನ್ನು ನೋಡಬೇಕು. ಅಗ್ಗದ ಕೇಸಿನಲ್ಲಿ ಆ ಗೆರೆ ಸವೆದ ಸೋಪಿನ ಅಂಚಿನ ಹಾಗೆ ಮೆತ್ತಗಾಗಿರುತ್ತದೆ, ಪಾಲಿಶ್ ಚಕ್ರ ಗೆರೆಯ ಮೇಲೇ ಹಾದುಹೋಗಿರುತ್ತದೆ. ಇದರಲ್ಲಿ ನಾಲ್ಕೂ ಲಗ್ಗಿನ ಮೇಲೆ ಗೆರೆ ನೆಟ್ಟಗೆ, ಚೂಪಾಗಿ ಉಳಿದಿದೆ. ಉಗುರಿನಿಂದ ಎಳೆದರೆ ತಿಳಿಯುತ್ತದೆ. ಇಂಥ ಅಂಚು ಯಂತ್ರದಿಂದ ಮಾತ್ರ ಬರುವುದಿಲ್ಲ, ಎಲ್ಲಿ ಕೈ ನಿಲ್ಲಿಸಬೇಕು ಎಂದು ಗೊತ್ತಿರುವ ಒಬ್ಬರು ಕೂತಿರಬೇಕು. ಉಕ್ಕಿನ ಮೇಲೆ ಡಯಾಶೀಲ್ಡ್ ಎಂಬ ಗಟ್ಟಿ ಲೇಪ ಇದೆ. ಒಂದೂವರೆ ವರ್ಷದಲ್ಲಿ ಸಿಲಿಂಡರ್, ದೋಣಿ, ಬಸ್ಸಿನ ಕಂಬಿ ಎಲ್ಲಕ್ಕೂ ತಾಗಿದೆ. ಕೂದಲಿನಂಥ ಗೀರುಗಳು ಬಿದ್ದಿಲ್ಲ. ಒಂದು ಕಡೆ ಸಣ್ಣ ತಗ್ಗು ಬಿದ್ದಿದೆ, ಅದು ಬಂಡೆಗೆ ಬಡಿದದ್ದು. ಗೀರಿಗೆ ಲೇಪ ಸಾಕು, ಪೆಟ್ಟಿಗೆ ಸಾಲದು. ಇನ್ನೊಂದು ವಿಷಯ ಕೊಳ್ಳುವವರಿಗೆ ತಿಳಿದಿರಲಿ: ಲೇಪ ಇರುವ ಕೇಸನ್ನು ಮುಂದೆ ಪಾಲಿಶ್ ಮಾಡಿಸಿದರೆ ಲೇಪವೇ ಹೋಗುತ್ತದೆ. ತಗ್ಗನ್ನು ತಗ್ಗಾಗಿಯೇ ಇಟ್ಟುಕೊಳ್ಳಿ.

ಲಗ್ಗುಗಳಲ್ಲಿ ಆರಪಾರ ತೂತು ಕೊರೆದಿದ್ದಾರೆ. ಇದನ್ನು ಕಂಡು ನಾನು ಹಿಗ್ಗಿದೆ. ಪಟ್ಟಿ ಬದಲಿಸಲು ಹೊರಗಿನಿಂದ ಒಂದು ಪಿನ್ನು ಒತ್ತಿದರೆ ಸಾಕು, ಒಳಗಡೆ ಟೂಲ್ ಜಾರಿ ಕೇಸು ಗೀಚುವ ಭಯವಿಲ್ಲ. ಹಳೆಯ ಕಾಲದ ಕೆಲಸದ ಗಡಿಯಾರಗಳಲ್ಲಿ ಇದು ಸಾಮಾನ್ಯವಾಗಿತ್ತು, ಈಗ ಅಂದ ಕೆಡುತ್ತದೆ ಎಂದು ಬಿಡುತ್ತಾರೆ. ರಿಪೇರಿ ಮಾಡುವವರ ಕಷ್ಟ ಗೊತ್ತಿದ್ದವರು ಈ ಕೇಸು ಬರೆದಿದ್ದಾರೆ.

ಗಾಜು ಬಾಗಿದ ಸಫೈರ್, ಪ್ರತಿಫಲನ ತಡೆಯುವ ಲೇಪ ಒಳಬದಿಯಲ್ಲಿ. ಹೊರಬದಿಯಲ್ಲಿ ಲೇಪ ಹಾಕದೇ ಇದ್ದದ್ದು ಸರಿಯಾದ ತೀರ್ಮಾನ, ಮರಳಿಗೆ ಉಜ್ಜಿದರೆ ಅದೇ ಮೊದಲು ಹೋಗುತ್ತಿತ್ತು. ಬೆಜೆಲಿನ ಮೇಲ್ಮೈ ಮಾತ್ರ ಸೆರಾಮಿಕ್ ಅಲ್ಲ, ಗಟ್ಟಿ ಲೇಪದ ಉಕ್ಕು. ಈ ಬೆಲೆಗೆ ಸೆರಾಮಿಕ್ ಕೇಳುವವರಿದ್ದಾರೆ. ಸೆರಾಮಿಕ್ ಗೀರು ಬೀಳದೆ ಇರುತ್ತದೆ, ಬಲವಾಗಿ ಬಡಿದರೆ ಒಡೆಯುತ್ತದೆ. ದೋಣಿಯ ಏಣಿ ಹಿಡಿದು ಹತ್ತುವವರ ಕೈಯಲ್ಲಿ ಉಕ್ಕೇ ಇರಲಿ ಎಂಬುದು ನನ್ನ ಪಕ್ಷ.

ಯಾವ ಕಂಪನಿಯದ್ದನ್ನೇ ಕೊಳ್ಳಿ, ಕೌಂಟರಿನಲ್ಲೇ ಒಂದು ಕೆಲಸ ಮಾಡಿ. ಗಡಿಯಾರವನ್ನು ಕಣ್ಣಿನ ಮಟ್ಟಕ್ಕೆ ನೇರ ಹಿಡಿದು ಮೂರು ಗುರುತುಗಳನ್ನು ಒಂದೇ ಗೆರೆಯಲ್ಲಿ ನೋಡಿ: ಬೆಜೆಲಿನ ಹನ್ನೆರಡರ ಚುಕ್ಕೆ, ಡಯಲಿನ ಅಂಚಿನ ಉಂಗುರದ ಅರವತ್ತು, ಡಯಲಿನ ಹನ್ನೆರಡು. ನಮ್ಮದರಲ್ಲಿ ಮೂರೂ ಒಂದೇ ದಾರ ಹಿಡಿದ ಹಾಗಿದ್ದವು. ಅದು ಕಂಡ ಮೇಲೇ ನಾನು ಮಗಳಿಗೆ ಹೂಂ ಎಂದದ್ದು.

ಈಗ ಒಳಗಿನ ಯಂತ್ರ. ಇಲ್ಲಿ ನಾನು ಹೇಳುವುದು ಅಂಗಡಿಯವರಿಗೆ ರುಚಿಸುವುದಿಲ್ಲ. 6ಆರ್35 ಎಂಬ ಮೂವ್‌ಮೆಂಟ್ ಇದು, ಸವೆತ ತಡೆಯುವ ಕಲ್ಲುಗಳು, ಅಂದರೆ ಜ್ಯುವೆಲ್, 24, ಗಂಟೆಗೆ 21,600 ಬಡಿತ, ಪೂರ್ತಿ ಕೀ ಕೊಟ್ಟರೆ 70 ಗಂಟೆ. ಕೀ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತದೆ, ಕೈಯಿಂದ ಕೀ ಕೊಡಲೂ ಬರುತ್ತದೆ. ಮುಖ್ಯವಾಗಿ ನೋಡಬೇಕಾದದ್ದು ಕಂಪನಿಯೇ ಕೊಡುವ ಮಾತು: ದಿನಕ್ಕೆ 25 ಸೆಕೆಂಡ್ ಮುಂದೆ, ಇಲ್ಲವೇ 15 ಸೆಕೆಂಡ್ ಹಿಂದೆ. ಲಕ್ಷ ರೂಪಾಯಿಯ ವಸ್ತುವಿಗೆ ಈ ಮಾತು ದೊಡ್ಡದಲ್ಲ. ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರಕ್ಕೆ ಬೇಕಾದದ್ದು ದಿನದ ಸರಾಸರಿ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ, ಅದರೊಳಗೆ.

ಈ ಯಂತ್ರದ ವಂಶ ನನಗೆ ಗೊತ್ತು. 1996ರ 7ಎಸ್26ರಿಂದ ಬಂದ ಮನೆತನ. ಅದೇ ಮನೆತನದ 4ಆರ್36, ಎನ್‌ಎಚ್35 ಇಪ್ಪತ್ತು ಮೂವತ್ತು ಸಾವಿರದ ಗಡಿಯಾರಗಳಲ್ಲಿ ಕೂತಿರುತ್ತವೆ, ಅವಕ್ಕೆ 41 ಗಂಟೆಯ ಓಟ. 6ಆರ್35ರಲ್ಲಿ ಓಟಕ್ಕೆ ಬಲ ಕೊಡುವ ಮೇನ್‌ಸ್ಪ್ರಿಂಗ್ ಬೇರೆ, ಓಟ ಉದ್ದ, ನಿಖರತೆಯ ಮಾತು ತುಸು ಬಿಗಿ. ಆದರೆ ಅಡಿಪಾಯದ ಯೋಚನೆ ಒಂದೇ, ಮತ್ತು ಅದು ಒಳ್ಳೆಯ ಯೋಚನೆ. ಸೀಕೋದವರು 1959ರಲ್ಲಿ ತಂದ ಮ್ಯಾಜಿಕ್ ಲಿವರ್ ಇದರಲ್ಲೂ ಇದೆ. ಎರಡು ಕೊಕ್ಕೆಯ ಒಂದು ಸನ್ನೆಗೋಲು ಅದು. ಕೈ ಅಲುಗಿದಾಗ ತಾನೇ ತಿರುಗಿ ಕೀ ಕೊಡುವ ಒಳಗಿನ ರೋಟರ್ ಯಾವ ಕಡೆ ತಿರುಗಿದರೂ ಒಂದು ಕೊಕ್ಕೆ ಹಲ್ಲಿನ ಚಕ್ರವನ್ನು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಬಿಡಿಭಾಗ ಕಡಿಮೆ, ಕೆಡುವುದು ಕಡಿಮೆ. ಬೆಂಚಿನಲ್ಲಿ ಕೂತವರಿಗೆ ಇಂಥ ಸರಳತೆ ಕಂಡರೆ ಕೈಮುಗಿಯಬೇಕು ಅನ್ನಿಸುತ್ತದೆ. ಬ್ಯಾಲೆನ್ಸಿನ ಆಘಾತ ತಡೆಗೆ ನಮ್ಮಲ್ಲಿ ಪ್ಯಾರಾಶಾಕ್ ಇದ್ದ ಹಾಗೆ ಇವರದ್ದು ಡಯಾಶಾಕ್. ಆದ್ದರಿಂದ ಯಂತ್ರ ಕೆಟ್ಟದ್ದು ಎಂದು ಯಾರೂ ತಿಳಿಯಬೇಡಿ. ಗಟ್ಟಿಮುಟ್ಟಾದ ದುಡಿಯುವ ಎತ್ತು ಅದು. ಲಕ್ಷ ಕೊಡುವವರು ಆ ಹಣ ಎತ್ತಿಗೆ ಹೋಗಿಲ್ಲ, ಗಾಡಿಗೆ ಹೋಗಿದೆ ಎಂದು ತಿಳಿದು ಕೊಡಲಿ ಎಂಬುದಷ್ಟೇ ನನ್ನ ಮಾತು. ಜೀವಮಾನವೆಲ್ಲ ಯಂತ್ರ ಕೂರಿಸಿದ ನನಗೆ ಇದನ್ನು ಬರೆಯುವುದು ಸುಲಭವಲ್ಲ.

ಮನೆಗೆ ತಂದ ದಿನ ಪೂರ್ತಿ ಕೀ ಕೊಟ್ಟು ಟೈಮಿಂಗ್ ಮಷೀನಿನ ಮೇಲಿಟ್ಟೆ. ಮುಖ ಮೇಲೆ ಮಾಡಿದರೆ ದಿನಕ್ಕೆ 8 ಸೆಕೆಂಡ್ ಮುಂದೆ, ಮುಖ ಕೆಳಗೆ ಮಾಡಿದರೆ 10 ಮುಂದೆ, ಕೀ ಮೇಲಾಗಿಸಿದರೆ 1 ಮುಂದೆ, ಕೀ ಕೆಳಗಾಗಿಸಿದರೆ 3 ಹಿಂದೆ. ಭಂಗಿಗಳ ನಡುವೆ 13 ಸೆಕೆಂಡಿನ ಅಂತರ. ಎರಡು ದಿನ ಮುಟ್ಟದೆ ಬಿಟ್ಟು ಮತ್ತೆ ಇಟ್ಟೆ. ಸ್ಪ್ರಿಂಗ್ ಸಡಿಲವಾದಂತೆ ಬ್ಯಾಲೆನ್ಸಿನ ತೂಗಾಟ 268 ಡಿಗ್ರಿಯಿಂದ 215ಕ್ಕೆ ಇಳಿದಿತ್ತು, ನಿಂತ ಭಂಗಿಗಳಲ್ಲಿ ಹಿಂದೆ ಬೀಳುವುದು ಹೆಚ್ಚಾಗಿತ್ತು. 70 ಗಂಟೆ ಎಂಬ ಮಾತು ನಿಜ. ನನ್ನ ಲೆಕ್ಕಕ್ಕೆ 71 ಗಂಟೆ ಓಡಿ ನಿಂತಿತು. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಗ್ಗೆ ಓಡುತ್ತಲೇ ಇರುತ್ತದೆ. ಆದರೆ ಕೊನೆಯ ಹತ್ತು ಹನ್ನೆರಡು ಗಂಟೆಯ ಓಟದಲ್ಲಿ ತೋರಿಸುವ ಸಮಯವನ್ನು ನಾನು ಮೊದಲ ದಿನದ ಸಮಯದಷ್ಟು ನಂಬುವುದಿಲ್ಲ.

ಕೈಮೇಲಿನ ಲೆಕ್ಕ ಬೇರೆಯೇ. ಮಗಳು ಜನವರಿ ಪೂರ್ತಿ ದಿನವೂ ಕಟ್ಟಿದಳು. ರಾತ್ರಿ ಕೀ ಮೇಲೆ ಬರುವ ಹಾಗೆ ಮಂಚದ ಪಕ್ಕ ನಿಲ್ಲಿಸಿ ಇಡು ಎಂದು ಹೇಳಿಕೊಟ್ಟಿದ್ದೆ. 31 ದಿನಕ್ಕೆ 2 ನಿಮಿಷ 4 ಸೆಕೆಂಡ್ ಮುಂದೆ ಹೋಗಿತ್ತು. ದಿನಕ್ಕೆ 4 ಸೆಕೆಂಡು! ಕಂಪನಿ ಕೊಟ್ಟ ಮಾತಿಗಿಂತ ಎಷ್ಟೋ ಮೇಲು. ಹಗಲು ಗಳಿಸಿದ್ದನ್ನು ರಾತ್ರಿಯ ಭಂಗಿ ಹೆಚ್ಚಿಸದೆ ಕಾಯ್ದುಕೊಂಡಿತು. ಎಲ್ಲ ಪೀಸುಗಳೂ ಹೀಗೇ ಓಡುತ್ತವೆ ಎಂದು ನಾನು ಹೇಳಲಾರೆ, ಮೂವ್‌ಮೆಂಟ್‌ನಿಂದ ಮೂವ್‌ಮೆಂಟ್‌ಗೆ ವ್ಯತ್ಯಾಸ ಇದ್ದೇ ಇರುತ್ತದೆ. ಸಾಲಿನಲ್ಲಿ ಕೂತವರಿಗೆಲ್ಲ ಅದು ಗೊತ್ತು. ನಿಮ್ಮದನ್ನು ಒಂದು ತಿಂಗಳು ಕಟ್ಟಿ, ರಾತ್ರಿ ಯಾವ ಭಂಗಿಯಲ್ಲಿ ಇಟ್ಟರೆ ಸರಿಹೋಗುತ್ತದೆ ಎಂದು ನೀವೇ ಕಂಡುಕೊಳ್ಳಿ. ತಾರೀಖನ್ನು ಮಾತ್ರ ರಾತ್ರಿ ಒಂಬತ್ತರಿಂದ ಒಂದರ ನಡುವೆ ಕೈಯಿಂದ ಬದಲಿಸಬೇಡಿ. ಆಗ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಹೀಗೆ ಮುರಿದುಕೊಂಡು ಬಂದ ತಾರೀಖಿನ ಚಕ್ರಗಳನ್ನು ನಾನು ಲೆಕ್ಕವಿಲ್ಲದಷ್ಟು ಬದಲಿಸಿದ್ದೇನೆ.

ಇನ್ನು 'ಡೈವರ್ಸ್' ಎಂಬ ಪದದ ವಿಷಯ. ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಪಾಸಾದ ಗಡಿಯಾರಕ್ಕೆ ಮಾತ್ರ ಈ ಪದ. ಬರೆದ ಆಳಕ್ಕಿಂತ ಕಾಲುಭಾಗ ಹೆಚ್ಚಿನ ಒತ್ತಡಕ್ಕೆ ಒಡ್ಡಬೇಕು, ಅಂದರೆ 200 ಮೀಟರಿನದ್ದಕ್ಕೆ 250 ಮೀಟರಿನ ಒತ್ತಡ. ಅದೂ ಮಾದರಿಗೆ ಒಂದೆರಡನ್ನು ಎತ್ತಿಕೊಂಡು ನೋಡಿದರೆ ಆಗದು, ಪ್ರತಿಯೊಂದು ಗಡಿಯಾರವನ್ನೂ ನೋಡಬೇಕು. ಉಪ್ಪುನೀರಿನಲ್ಲಿ ಇಟ್ಟು ತುಕ್ಕು ನೋಡಬೇಕು, ಬಿಸಿನೀರಿನಿಂದ ತಣ್ಣೀರಿಗೆ, ಮತ್ತೆ ಬಿಸಿಗೆ ಹಾಕಬೇಕು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಓದಲು ಬರಬೇಕು. ಗಡಿಯಾರ ಓಡುತ್ತಿದೆ ಎಂಬುದೂ ಕತ್ತಲಲ್ಲಿ ಕಾಣಬೇಕು, ಅದಕ್ಕೇ ಸೆಕೆಂಡ್ ಮುಳ್ಳಿಗೂ ಹೊಳೆಯುವ ಬಣ್ಣ. ಬೆಜೆಲ್ ಒಂದೇ ದಿಕ್ಕಿಗೆ ತಿರುಗುವುದರ ಕಾರಣವೂ ಜೀವ ಉಳಿಸುವುದೇ. ನೀರೊಳಗೆ ಎಲ್ಲಾದರೂ ತಗುಲಿ ತಿರುಗಿದರೂ ಕಳೆದ ಹೊತ್ತು ಹೆಚ್ಚಾಗಿ ಕಾಣುತ್ತದೆ, ಕಡಿಮೆಯಾಗಿ ಕಾಣುವುದಿಲ್ಲ. ನೀರಿಗಿಳಿದವರು ಬೇಗ ಮೇಲೆ ಬರುತ್ತಾರೆ.

ನೇತ್ರಾಣಿಯ ಹದಿನೆಂಟು ಮೀಟರಿಗೆ 200 ಮೀಟರ್ ಯಾಕೆ ಎಂದು ನೆಂಟರೊಬ್ಬರು ಕೇಳಿದರು. ಸಮುದ್ರದಲ್ಲಿ ಪ್ರತಿ ಹತ್ತು ಮೀಟರಿಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ, ಆ ಲೆಕ್ಕದಲ್ಲಿ ಹೆಚ್ಚೇ. ಆದರೆ ಗ್ಯಾಸ್ಕೆಟ್ ಎಂಬ ರಬ್ಬರಿನ ಉಂಗುರಕ್ಕೆ ವಯಸ್ಸಾಗುತ್ತದೆ. ಬಿಸಿಲು, ಉಪ್ಪು, ಸನ್‌ಸ್ಕ್ರೀನ್ ಎಣ್ಣೆ ಎಲ್ಲವೂ ಅದನ್ನು ತಿನ್ನುತ್ತವೆ. ಹೊಸದಿದ್ದಾಗಿನ ಆ ಹೆಚ್ಚುವರಿ ಬಲವೇ ಮುಂದಿನ ವರ್ಷಗಳ ಉಳಿತಾಯ. ಒಮ್ಮೆ ಒಬ್ಬರು 'ವಾಟರ್ ರೆಸಿಸ್ಟ್' ಎಂದು ಬರೆದ ಒಂದು ಗಡಿಯಾರ ತಂದರು, ಕಡಲಿಗೆ ಹೋಗಿ ಬಂದದ್ದು. ಹಿಂಬದಿ ತೆಗೆದರೆ ಕೀಯ ಕಡ್ಡಿ ತುಕ್ಕಿನ ಪುಡಿಯಾಗಿ ಟ್ವೀಜರಿಗೆ ಬಂತು. ಅದನ್ನು ನೋಡಿದವಳು ಮಗಳ ಕೈಗೆ ಆ ಪದ ಇಲ್ಲದ ಗಡಿಯಾರ ಕಟ್ಟಲಾರೆ.

ಹೊಸ ಗಡಿಯಾರದ ಹಿಂಬದಿಯನ್ನು ನಾನು ಬಿಚ್ಚಲಿಲ್ಲ. ಕೈ ತುರಿಸುತ್ತಿತ್ತು, ನಿಜ. ಆದರೆ ಒಮ್ಮೆ ಬಿಚ್ಚಿದರೆ ಫ್ಯಾಕ್ಟರಿಯ ಒತ್ತಡ ಪರೀಕ್ಷೆಗೆ ಬೆಲೆ ಉಳಿಯುವುದಿಲ್ಲ. ಅದರ ಬದಲು ಬೇರೆ ಒಂದು ಪರೀಕ್ಷೆ ಮಾಡಿದೆ, ಆ ಮಾನದಂಡದಲ್ಲೇ ಇರುವಂಥದ್ದು. ಬಿಸಿನೀರು ತುಂಬಿದ ಪಾತ್ರೆಯ ಮೇಲೆ ಸ್ಟೀಲ್ ತಟ್ಟೆ ಇಟ್ಟು, ತಟ್ಟೆ 42 ಡಿಗ್ರಿಗೆ ಬಂದಾಗ ಗಡಿಯಾರವನ್ನು ಅದರ ಮೇಲಿಟ್ಟು ಬೆಚ್ಚಗಾಗಲು ಬಿಟ್ಟೆ. ಆಮೇಲೆ ಗಾಜಿನ ಮೇಲೆ ಮಡಕೆಯ ತಣ್ಣೀರಿನ ಒಂದು ಹನಿ. ಒಂದು ನಿಮಿಷ ಕಾದು ಒರೆಸಿದೆ. ಒಳಗೆ ತೇವ ಸೇರಿದ್ದರೆ ಹನಿ ಇದ್ದ ಜಾಗದಲ್ಲಿ ಗಾಜಿನ ಒಳಮೈ ಮಂಜಾಗುತ್ತದೆ. ಇದರಲ್ಲಿ ಏನೂ ಇಲ್ಲ, ಕನ್ನಡಿಯಷ್ಟು ತಿಳಿ. ಮೊದಲ ಸೀಸನ್ ಮುಗಿಸಿ ಬಂದಾಗ ಮತ್ತೆ ಮಾಡಿದೆ, ಆಗಲೂ ತಿಳಿಯೇ. ಈ ಪರೀಕ್ಷೆಗೆ ದುಡ್ಡು ಬೇಡ, ಯಂತ್ರ ಬೇಡ. ನೀರಿಗಿಳಿಯುವವರೆಲ್ಲ ವರ್ಷಕ್ಕೊಮ್ಮೆ ಮಾಡಿಕೊಳ್ಳಬಹುದು. ಇದು ಒಳಗೆ ಆಗಲೇ ಸೇರಿದ ತೇವವನ್ನು ಮಾತ್ರ ಹೇಳುತ್ತದೆ, ಮುಂದೆ ಸೋರುತ್ತದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ಒತ್ತಡದ ಯಂತ್ರವೇ ಬೇಕು.

ಕತ್ತಲಿನ ಬೆಳಕು, ಲೂಮಿಬ್ರೈಟ್, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಈ ಕಂಪನಿಯವರು ಅದರಲ್ಲಿ ಪಳಗಿದವರು. ರಾತ್ರಿ ಹತ್ತಕ್ಕೆ ಟಾರ್ಚಿನಿಂದ ಬೆಳಕು ಕುಡಿಸಿ ಮಲಗಿದೆ, ಬೆಳಗಿನ ಜಾವ ಹಾಲಿನವನ ಗಂಟೆಗೆ ಎದ್ದಾಗ ಕನ್ನಡಕವಿಲ್ಲದೆ ಸಮಯ ಓದಿದೆ. ಡಯಲು ಬೂದು ಬೆರೆತ ಕಪ್ಪು, ಬಿಸಿಲಿಗೆ ತಿರುಗಿಸಿದರೆ ನಡುವಿನಿಂದ ಕಿರಣಗಳು ಏಳುತ್ತವೆ. ಗಂಟೆಯ ಗುರುತುಗಳು ಅಚ್ಚು ಹಾಕಿದವಲ್ಲ, ಬಿಡಿಬಿಡಿಯಾಗಿ ಮಾಡಿ ಕೂರಿಸಿದವು, ಸುತ್ತ ಹೊಳೆಯುವ ಚೌಕಟ್ಟು. ನೆಟ್ಟಗೆ ಕೂತಿವೆ.

ಚೈನಿನಲ್ಲಿ ನನಗೆ ತೃಪ್ತಿ ಇಲ್ಲ. ಕೊಂಡಿಗಳು ಗಟ್ಟಿ, ಕೇಸಿಗೆ ಕೂಡುವ ತುದಿಯೂ ಗಟ್ಟಿ. ಆದರೆ ಕೊಂಡಿ ತೆಗೆಯುವ ಬಗೆ ಪಿನ್ನು ಮತ್ತು ಕಾಲರಿನದ್ದು. ಪಿನ್ನು ಹೊರಬಂದಾಗ ನಡುವಿನಿಂದ ರಾಗಿಕಾಳಿಗಿಂತ ಸಣ್ಣ ಉಂಗುರವೊಂದು ಉದುರುತ್ತದೆ. ಅದು ಬಿದ್ದದ್ದು ಗೊತ್ತಾಗದೆ ಪಿನ್ನು ಮಾತ್ರ ಹಾಕಿದರೆ ಕೆಲವೇ ದಿನಕ್ಕೆ ಚೈನು ಬಿಟ್ಟುಕೊಳ್ಳುತ್ತದೆ, ಗಡಿಯಾರ ಸಮುದ್ರದ ಪಾಲು. ಮನೆಯಲ್ಲಿ ಮಾಡುವವರು ಬಿಳಿ ಬಟ್ಟೆ ಹಾಸಿಕೊಂಡು, ಅದರ ಮೇಲೆ ಮಾಡಿ. ಈ ಬೆಲೆಗೆ ಸ್ಕ್ರೂ ಕೊಡಬಹುದಿತ್ತು. ಕೊಂಡಿ ಮುಚ್ಚುವ ಕ್ಲಾಸ್ಪ್ ಕೂಡ ಕೇಸಿನ ದರ್ಜೆಯದಲ್ಲ. ಡೈವಿಂಗ್ ಸೂಟಿನ ಮೇಲೆ ಕಟ್ಟಲು ಮಡಚಿಟ್ಟ ವಿಸ್ತರಣೆ ಒಳಗಿದೆ, ಅದು ಉಪಯೋಗಕ್ಕೆ ಬರುತ್ತದೆ. ಉಳಿದಂತೆ ತೆಳು, ಬೆರಳಿಗೆ ತಗಡಿನ ಅನುಭವ. ಕೇಸಿನ ಅಂಚಿಗೆ ಅಷ್ಟು ಪ್ರೀತಿ ಸುರಿದವರು ದಿನಕ್ಕೆ ಎರಡು ಸಲ ಕೈ ಮುಟ್ಟುವ ಜಾಗದಲ್ಲಿ ಕೈ ಬಿಗಿಹಿಡಿದದ್ದು ನನಗೆ ಅರ್ಥವಾಗಿಲ್ಲ. ನಾವು 20 ಮಿಲಿಮೀಟರಿನ ರಬ್ಬರ್ ಪಟ್ಟಿ ತಂದು ಹಾಕಿದೆವು. ಮಗಳು ನೀರಿಗಿಳಿಯುವುದು ಅದರಲ್ಲೇ. ಚೈನು ಮದುವೆ ಮನೆಗಳಿಗೆ.

ಖರ್ಚಿನ ಲೆಕ್ಕದಲ್ಲಿ ಬರಿಯ ಕೊಂಡ ಬೆಲೆ ಹಿಡಿಯಬೇಡಿ. ನೀರಿಗಿಳಿಸುವವರು ಎರಡು ಮೂರು ವರ್ಷಕ್ಕೊಮ್ಮೆ ಗ್ಯಾಸ್ಕೆಟ್ ಬದಲಿಸಿ ಒತ್ತಡ ಪರೀಕ್ಷೆ ಮಾಡಿಸಬೇಕು, ಆರೇಳು ವರ್ಷಕ್ಕೆ ಪೂರ್ತಿ ಬಿಚ್ಚಿ ಎಣ್ಣೆ ಹಾಕಿಸಬೇಕು. ಇಲ್ಲಿ ಈ ಯಂತ್ರದ ಸಾಮಾನ್ಯತನವೇ ವರವಾಗುತ್ತದೆ. ಇದರ ಮನೆತನ ತಿಳಿದ ಕೈಗಳು ಬೆಂಗಳೂರಿನಲ್ಲೂ ಇವೆ, ಹುಬ್ಬಳ್ಳಿಯಲ್ಲೂ ಇವೆ. ದೊಡ್ಡ ಹೆಸರಿನ ಸ್ವಿಸ್ ಗಡಿಯಾರವಾದರೆ ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗುವುದನ್ನು ಕಂಡಿದ್ದೇನೆ. ಸಾಧಾರಣ ಯಂತ್ರ ಎಂದು ಮೇಲೆ ಬರೆದದ್ದಕ್ಕೆ ಈ ಮಾತನ್ನೂ ಸೇರಿಸಿ ಓದಿಕೊಳ್ಳಿ.

2024ರಲ್ಲಿ ಇದರ ಮುಂದಿನ ಪೀಳಿಗೆ ಬಂದಿದೆ, 300 ಮೀಟರ್, 72 ಗಂಟೆ, ಕೇಸು ಅರ್ಧ ಮಿಲಿಮೀಟರ್ ಕಿರಿದು. ಹೊಸದನ್ನೇ ಕೊಳ್ಳಬೇಕೇ ಎಂದು ಮಗಳ ಗೆಳೆಯರು ಕೇಳುತ್ತಾರೆ. ಹದಿನೆಂಟು ಮೀಟರಿನವರಿಗೆ ಆ ಹೆಚ್ಚಿನ ನೂರು ಮೀಟರ್ ಏನನ್ನೂ ಕೊಡುವುದಿಲ್ಲ. ಹಳೆಯ ದಾಸ್ತಾನಿನ 143 ಎಂಬತ್ತು ಸಾವಿರದೊಳಗೆ, ಬಿಲ್ಲು ಮತ್ತು ಗ್ಯಾರಂಟಿ ಕಾರ್ಡಿನ ಸಮೇತ ಸಿಕ್ಕರೆ ಯೋಚಿಸಬೇಡಿ ಎನ್ನುತ್ತೇನೆ. ಲಕ್ಷಕ್ಕೆ ಕೊಂಡ ನಮಗೆ ಬೇಸರವಿಲ್ಲ, ಅದಕ್ಕಿಂತ ಹತ್ತು ಸಾವಿರ ಹೆಚ್ಚು ಹೇಳಿದ್ದರೆ ನಾನು ಎದ್ದು ಬರುತ್ತಿದ್ದೆ. ಈಜುಕೊಳ ಬಿಟ್ಟು ಬೇರೆ ನೀರು ಕಾಣದವರು, ನೋಡಲು ಮಾತ್ರ ಚೆಂದ ಎನ್ನುವವರು ಕಾಮಾಸು ಕೊಂಡು ಮುಕ್ಕಾಲು ಹಣ ಉಳಿಸಲಿ. ಅವರಿಗೆ ಬೇಕಾದದ್ದೆಲ್ಲ ಅದರಲ್ಲಿದೆ.

ಕಳೆದ ಭಾನುವಾರ ರಾತ್ರಿ ಮಗಳು ಬಂದು ಚೀಲ ಇಡುವ ಮೊದಲೇ ಗಡಿಯಾರ ಬಿಚ್ಚಿ ನನ್ನ ಬೆಂಚಿನ ಮೇಲಿಟ್ಟಳು. ಹದಿನಾರು ಮೀಟರ್, ನಲವತ್ತೊಂದು ನಿಮಿಷವಂತೆ, ಆಮೆಯೊಂದು ಕೈಯಳತೆಯಲ್ಲಿ ಹಾದುಹೋಯಿತಂತೆ. ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಲ್ಲ, ಅದನ್ನು ಈ ಸಲ ಕಂಪ್ಯೂಟರ್ ನೋಡದೆ ಬೆಜೆಲಿನಲ್ಲೇ ಎಣಿಸಿದಳಂತೆ. ಕೀ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿ, ಸಿಹಿನೀರಿನ ಲೋಟದಲ್ಲಿ ಹತ್ತು ನಿಮಿಷ ಮುಳುಗಿಸಿ ಇಟ್ಟೆ. ಬೆಜೆಲನ್ನು ನೀರೊಳಗೇ ಎರಡು ಸುತ್ತು ತಿರುಗಿಸಿದೆ, ಸಂದಿನ ಉಪ್ಪು ಬಿಡಲೆಂದು. ಅಕ್ಟೋಬರಿಗೆ ಮೊದಲು ಹಿಂಬದಿ ಬಿಚ್ಚಿ ಗ್ಯಾಸ್ಕೆಟ್ ಬದಲಿಸುವುದಿದೆ. ಹೊಸ ಉಂಗುರಗಳೂ ಸಿಲಿಕೋನ್ ಗ್ರೀಸೂ ಆಗಲೇ ತಂದಿಟ್ಟಿದ್ದೇನೆ.